ಚಿಕ್ಕ ವರ್ಗಗಳ ವಾರದ ಗೃಹಪಾಠ

ಕನ್ನಡವನ್ನು ಕಲಿಸುವದಕ್ಕೆಂದು ವಾರಕ್ಕೊಮ್ಮೆ ಕೂಡುವ ಚಿಕ್ಕ ವರ್ಗಗಳು ಇಂದು ನಾಡಿನ ಒಳಗೂ ಹೊರಗೂ ನಡೆದಿರುವವು. ಬೆಂಗಳೂರಿನ ಬಡಾವಣೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರ ಪಡಸಾಲೆ, ಮುಂಬಯಿಯಲ್ಲಿ ಸಂಘದ ಕೋಣೆ, ಅಮೇರಿಕೆಯ ಪಟ್ಟಣಗಳಲ್ಲಿ ಆದಿತ್ಯವಾರದ ಮಟ್ಟಿಗೆ ಬಾಡಿಗೆಗೆ ಹಿಡಿದ ಶಾಲೆಯ ಕೊಠಡಿ,—ಇಂಥ ಎಡೆಗಳಲ್ಲಿ ಎಂಟು ಹತ್ತು ಮಕ್ಕಳು ನೆರೆಯುವರು. ಒಂದು ತಾಸು, ಹೆಚ್ಚೆಂದರೆ ಒಂದೂವರೆ ತಾಸು ಪಾಠವಾಗುವದು. ಸ್ವಲ್ಪ ಸಾಹಿತ್ಯ, ಸ್ವಲ್ಪ ಇತಿಹಾಸ, ಒಂದಿಷ್ಟು ಶಬ್ದಗಳು. ಅನಂತರ ಮಕ್ಕಳು ಮನೆಗೆ ತೆರಳುವರು. ವಾರಕ್ಕೆ 168 ತಾಸು. ಅದರಲ್ಲಿ ಈ ಪಾಠದ ಪಾಲು ಒಂದೇ. ಉಳಿದ 167 ತಾಸುಗಳಲ್ಲಿ ಆ ಒಂದು ತಾಸಿನ ಕಲಿಕೆಯು ಬದುಕುವದೋ ಸಾಯುವದೋ ಎಂಬದು ಶಿಕ್ಷಕರು ಕೊಟ್ಟು ಕಳಿಸಿದ ಗೃಹಪಾಠದ ಮೇಲೆ ನಿಂತಿದೆ. ಈ ವಿಷಯದಲ್ಲಿ ನಮ್ಮಲ್ಲಿ ಆಗಬೇಕಾದಷ್ಟು ವಿಚಾರವು ಆಗಿಲ್ಲವೆಂದು ನಮಗೆ ತೋರುವದರಿಂದ ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ಗೃಹಪಾಠವೆಂಬ ಹೆಸರೇ ಕೆಲವರಿಗೆ ಸೇರದು. ಮನೆಗೆಲಸವೆಂದರೆ ಕಸ ಮುಸುರೆಗಳು ನೆನಪಾಗುವವು. ಮನೆಪಾಠವೆಂದರೆ ಹಣ ಕೊಟ್ಟು ಹೇಳಿಸಿಕೊಳ್ಳುವ ಪಾಠವೆಂದಾಗುವದು. ಆದುದರಿಂದ ಗೃಹಪಾಠವೇ ಇರಲಿ. ಹೆಸರಿಗಿಂತ ಹೆಚ್ಚಿನ ಜಗಳವು ವಸ್ತುವಿನದು. ಮಕ್ಕಳಿಗೆ ಶಾಲೆಯ ಭಾರವೇ ಸಾಕಾಗಿದೆ, ವಾರಕ್ಕೊಮ್ಮೆ ಬಂದು ನಾಲ್ಕು ಹಾಡು ಹೇಳಿ ನಲಿದು ಹೋಗಲಿ, ಮನೆಗೆ ಏನನ್ನೂ ಕೊಡಬೇಡಿರಿ ಎಂದು ಒಂದು ಪಕ್ಷದವರು ಹೇಳುವರು. ಇವರ ವರ್ಗವು ಬರಬರುತ್ತ ರಾಜ್ಯೋತ್ಸವದ ಕುಣಿತಕ್ಕೆ ಮಕ್ಕಳನ್ನು ಅಣಿಗೊಳಿಸುವ ತಾಲೀಮಾಗುವದು. ಇನ್ನೊಂದು ಪಕ್ಷದವರು ಕಟ್ಟುನಿಟ್ಟಿನವರು. ಕಾಗುಣಿತವನ್ನು ಹತ್ತು ಸಲ ತಿದ್ದಿ ತಾ, ಮೂವತ್ತು ಶಬ್ದಗಳ ಅರ್ಥವನ್ನು ಬಾಯಿಪಾಠ ಮಾಡಿ ತಾ, ಹತ್ತು ಅರಸರ ಹೆಸರುಗಳನ್ನು ಇಸವಿಯೊಡನೆ ಬರೆದು ತಾ ಎಂದು ಇವರ ಅಪ್ಪಣೆ. ಈ ವರ್ಗಕ್ಕೆ ದಸರೆಯ ವರೆಗೆ ಹತ್ತು ಮಕ್ಕಳು, ಸಂಕ್ರಾಂತಿಗೆ ಆರು, ಯುಗಾದಿಗೆ ಮಾಸ್ತರರೊಬ್ಬರೇ. ಮೊದಲಿನವರು ಮಕ್ಕಳನ್ನು ಉಳಿಸಿಕೊಂಡು ಕನ್ನಡವನ್ನು ಕಳೆಯುವರು. ಎರಡನೆಯವರು ಎರಡನ್ನೂ ಕಳೆದುಕೊಳ್ಳುವರು.

ಬಾಯಿಪಾಠವನ್ನು ನಾವು ಹೀಯಾಳಿಸುವದಿಲ್ಲ. ಹಿಂದಿನ ಕೂಲಿಮಠಗಳಲ್ಲಿ, ಐಗಳ ಮಠಗಳಲ್ಲಿ, ಹುಡುಗರು ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದಿ, ಮಗ್ಗಿಯನ್ನು ರಾಗವಾಗಿ ಹೇಳಿ, ಅಮರಕೋಶವನ್ನು ನಾಲಗೆಯ ತುದಿಗೆ ತಂದುಕೊಂಡರು. ಕನ್ನಡದಲ್ಲಿ ಹಳೆಯ ಶಬ್ದಕೋಶಗಳು ಪದ್ಯದಲ್ಲಿಯೇ ಇರುವದು ಈ ಕಾರಣದಿಂದ. 1398ರ ಮಂಗರಾಜ ನಿಘಂಟಾಗಲಿ, ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿಯಾಗಲಿ, ಕಪಾಟಿನಲ್ಲಿಟ್ಟು ಬೇಕಾದಾಗ ತೆಗೆದು ನೋಡುವದಕ್ಕೆ ಹುಟ್ಟಿದ ಗ್ರಂಥಗಳಲ್ಲ. ಕಂಠದಲ್ಲಿ ಇಟ್ಟುಕೊಳ್ಳುವದಕ್ಕೆ ಹುಟ್ಟಿದವು. ಆದರೆ ಅಂದಿನ ಹುಡುಗನು ಮಠದಿಂದ ಮನೆಗೆ ಹೋದರೆ ಅಲ್ಲಿಯೂ ಕನ್ನಡವೇ ಇದ್ದಿತು. ಕೆರೆಯ ಏರಿಯ ಮೇಲೆ, ಕಣದಲ್ಲಿ, ಸಂತೆಯಲ್ಲಿ ಅದೇ ನುಡಿ. ಬಾಯಿಪಾಠ ಮಾಡಿದ ಶಬ್ದವು ಸಂಜೆಗೆ ಕಿವಿಗೆ ಬೀಳುತ್ತಿದ್ದಿತು. ಇಂದಿನ ನಗರದ ಮಗುವಿಗೆ ಆ ಅನುಕೂಲವಿಲ್ಲ. ಅದು ಕಂಠಪಾಠ ಮಾಡಿದ ಮೂವತ್ತು ಶಬ್ದಗಳು ವಾರವಿಡೀ ಯಾರ ಬಾಯಿಂದಲೂ ಮರಳಿ ಬರುವದಿಲ್ಲ. ಎಂಟು ದಿನಗಳಲ್ಲಿ ಒಣಗಿಹೋಗುವವು.

ಚಿಕ್ಕ ವರ್ಗದ ಶಕ್ತಿಯು ಎಲ್ಲಿದೆಯೆಂಬದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಬ್ಬ ಹುಡುಗನ ವಹಿಯನ್ನು ಮನಸ್ಸಿಟ್ಟು ಓದಿ, ತಿದ್ದಿ, ಕೆಳಗೆ ಎರಡು ಸಾಲು ಬರೆಯುವದಕ್ಕೆ ಹತ್ತು ನಿಮಿಷ ಬೇಕೆಂದು ಹಿಡಿಯಿರಿ. ಹತ್ತು ಮಕ್ಕಳಿದ್ದರೆ 100 ನಿಮಿಷ. ವಾರದಲ್ಲಿ ಒಂದು ಸಂಜೆ. ಅರವತ್ತು ಮಕ್ಕಳ ಶಾಲೆಯ ವರ್ಗದಲ್ಲಿ ಅದು 600 ನಿಮಿಷ, ಎಂದರೆ ಪೂರಾ ಹತ್ತು ತಾಸು. ಶಾಲೆಯ ಮಾಸ್ತರರು ಕೆಂಪು ಶಾಯಿಯ ಒಂದು ಗೆರೆ ಎಳೆದು ರುಜು ಹಾಕಿ ಬಿಟ್ಟರೆ ಅವರನ್ನು ನಾವು ದೂರಲಾರೆವು. ಆದರೆ ಹತ್ತು ಮಕ್ಕಳ ವರ್ಗವನ್ನು ಇಟ್ಟುಕೊಂಡೂ ವಹಿಯನ್ನು ಓದದೆ ಮರಳಿಸುವವರಿಗೆ ಯಾವ ನೆವವೂ ಇಲ್ಲ. ತಾನು ಬರೆದುದನ್ನು ಯಾರೋ ಓದಿದರೆಂಬ ಅರಿವೇ ಮುಂದಿನ ವಾರ ಬರೆಯುವದಕ್ಕೆ ಮಗುವಿಗಿರುವ ಒಂದೇ ಪ್ರಲೋಭನ. ಓದಲಾಗದಷ್ಟು ಗೃಹಪಾಠವನ್ನು ಕೊಡಬಾರದೆಂಬದೇ ಇದರಿಂದ ಹೊರಡುವ ಮೊದಲನೆಯ ನಿಯಮ. ವಾರಕ್ಕೆ ಐದು ಶಬ್ದಗಳು ಸಾಕು. ರಜೆಗಳನ್ನು ಕಳೆದು ವರುಷಕ್ಕೆ 40 ವಾರಗಳೆಂದರೂ 200 ಶಬ್ದಗಳಾದವು. ಐದು ವರುಷಕ್ಕೆ ಸಾವಿರ. ಈ ಸಾವಿರವನ್ನು ತನ್ನದಾಗಿಸಿಕೊಂಡ ಹುಡುಗಿಯು ಮಾಸ್ತಿಯವರ ಕತೆಯೊಂದನ್ನು ಯಾರ ನೆರವಿಲ್ಲದೆ ಓದಲು ಕುಳಿತುಕೊಂಡರೆ ನಮಗೆ ಆಶ್ಚರ್ಯವಾಗದು.

ಆದರೆ ಯಾವ ಐದು ಶಬ್ದಗಳು? ಇಲ್ಲಿಯೇ ನಮ್ಮ ಶಿಕ್ಷಕರೊಡನೆ ನಮ್ಮ ತಂಟೆ ಇರುವದು. ಪಠ್ಯಪುಸ್ತಕದ ಕೊನೆಯ ಪಟ್ಟಿಯಿಂದ ‘ಭಾಸ್ಕರ, ದಿನಕರ, ರವಿ, ಆದಿತ್ಯ’ ಎಂದು ಸೂರ್ಯನ ಹೆಸರುಗಳನ್ನು ಎತ್ತಿ ಬರೆಸುವದು ಸುಲಭ. ಅದರ ಬದಲು ‘ಕಟ್ಟು’ ಎಂಬ ಒಂದೇ ಧಾತುವನ್ನು ಕೊಟ್ಟು, ಮನೆಯಲ್ಲಿ ಕೇಳಿಕೊಂಡು ಬಾ ಎಂದು ಕಳಿಸಿ ನೋಡಿರಿ. ಮನೆ ಕಟ್ಟುವರು, ಹೂ ಕಟ್ಟುವರು, ಬುತ್ತಿ ಕಟ್ಟುವರು, ತಾಳಿ ಕಟ್ಟುವರು, ಹಣ ಕಟ್ಟುವರು, ಇಲ್ಲದ ಕತೆ ಕಟ್ಟುವರು, ಗಂಟಲು ಕಟ್ಟುವದು, ಕೈಕಟ್ಟಿ ಕೂಡ್ರುವರು. ಕಟ್ಟೆ, ಕಟ್ಟಡ, ಕಟ್ಟಳೆ, ಕಟ್ಟುಪಾಡು ಎಲ್ಲವೂ ಅದೇ ಬೇರಿನ ಟೊಂಗೆಗಳು. ಮಗುವೊಂದು ಇವುಗಳಲ್ಲಿ ಎಂಟನ್ನು ತಂದರೆ ಅದು ಎಂಟು ಶಬ್ದಗಳನ್ನು ಕಲಿತಿತೆಂದಲ್ಲ. ಕನ್ನಡವು ಹೇಗೆ ಬೆಳೆಯುವದೆಂಬದನ್ನು ಕಂಡಿತು. ಅದಕ್ಕಿಂತ ಹೆಚ್ಚಾಗಿ, ಆ ಎಂಟನ್ನು ಕೂಡಿಸುವದಕ್ಕೆ ಅದು ತಾಯಿಯೊಡನೆ, ಅಜ್ಜಿಯೊಡನೆ ಅರ್ಧ ತಾಸು ಕನ್ನಡದಲ್ಲಿ ಮಾತನಾಡಬೇಕಾಯಿತು.

ಇನ್ನು ಮನೆಯ ಮಾತು, ಊರಿನ ಮಾತು. ಮೈಸೂರ ಕಡೆಯವರ ಈರುಳ್ಳಿ ಧಾರವಾಡದ ಕಡೆಗೆ ಉಳ್ಳಾಗಡ್ಡಿಯಾಗುವದು, ಕರಾವಳಿಯಲ್ಲಿ ನೀರುಳ್ಳಿಯಾಗುವದು. ಕಡಲೆಕಾಯಿ, ಶೇಂಗಾ, ನೆಲಗಡಲೆ, ಮೂರೂ ಒಂದೇ ಬೀಜ. ಒಬ್ಬರ ಪೊರಕೆ ಇನ್ನೊಬ್ಬರ ಕಸಬರಿಗೆ, ಮತ್ತೊಬ್ಬರ ಹಿಡಿಸೂಡಿ. ನಗರದ ಚಿಕ್ಕ ವರ್ಗವೊಂದರಲ್ಲಿ ಹತ್ತು ಮಕ್ಕಳಿದ್ದರೆ ಅವರ ಹಿರಿಯರು ನಾಲ್ಕಾರು ಜಿಲ್ಲೆಗಳಿಂದ ಬಂದವರಾಗಿರುವ ಸಂಭವವೇ ಹೆಚ್ಚು. ಇಂಥದೊಂದು ವರ್ಗದ ಹುಡುಗನ ವಹಿಯು ಒಮ್ಮೆ ನಮ್ಮ ಕೈಗೆ ಬಂದಿತು. ತರಕಾರಿಗಳ ಹೆಸರು ಬರೆಯೆಂದಲ್ಲಿ ಅವನು ‘ಉಳ್ಳಾಗಡ್ಡಿ’ ಎಂದು ಬರೆದಿದ್ದನು. ಅದರ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ‘ಈರುಳ್ಳಿ’ ಎಂಬ ತಿದ್ದುಪಡಿ. ಆ ಶಿಕ್ಷಕರ ಕನ್ನಡಾಭಿಮಾನದ ವಿಷಯದಲ್ಲಿ ನಮಗೆ ಸಂಶಯವಿಲ್ಲ. ಆದರೆ ಆ ಒಂದು ಗೀಟು ಮಾಡಿದ ಹಾನಿಯನ್ನು ಅವರು ಎಣಿಸಿರಲಿಕ್ಕಿಲ್ಲ. ಅಜ್ಜಿಯ ಮಾತು ತಪ್ಪು ಎಂದು ಹುಡುಗನು ಆ ದಿನ ಕಲಿತನು. ಅಜ್ಜಿಯ ಮಾತೇ ತಪ್ಪೆಂದ ಮೇಲೆ ಅವಳನ್ನು ಮುಂದೆ ಏಕೆ ಕೇಳಬೇಕು? ಇಂಗ್ಲಿಷಿನ ‘ಆನಿಯನ್’ ಎಂದರೆ ಯಾವ ಮಾಸ್ತರರೂ ಗೀಟು ಹಾಕುವದಿಲ್ಲವೆಂಬದನ್ನು ಅವನು ಬೇಗನೆ ಕಂಡುಕೊಳ್ಳುವನು.

ಕನ್ನಡದ ಈ ಬಹುರೂಪವು ಇಂದಿನದಲ್ಲ. ಕ್ರಿ.ಶ. 850ರ ಸುಮಾರಿನ ಕವಿರಾಜಮಾರ್ಗವು ಕನ್ನಡವನ್ನು ಬಹುವಚನದಲ್ಲಿಯೇ ಕರೆದು, ದೇಸಿಗಳು ಬೇರೆ ಬೇರೆಯಾಗಿರುವದರಿಂದ ಅವುಗಳ ದೋಷಗಳನ್ನು ಇಷ್ಟೆಂದು ನಿರ್ಣಯಿಸುವದಕ್ಕೆ ಸಾವಿರ ನಾಲಗೆಯ ವಾಸುಕಿಗೂ ಆಗದೆ ಬೇಸರ ಬಂದೀತೆಂದು ಹೇಳಿದೆ. ವಾಸುಕಿಗೆ ಆಗದ ಕೆಲಸವನ್ನು ನಮ್ಮ ಮಾಸ್ತರರು ಕೆಂಪು ಲೇಖನಿಯೊಂದರಿಂದ ಮಾಡಿ ಮುಗಿಸುವರು! ಗ್ರಂಥದ ಭಾಷೆಯು ಬೇಡವೆಂದು ನಾವು ಹೇಳುತ್ತಿಲ್ಲ. ಬೀದರದ ಹುಡುಗಿಯು ಬರೆದುದನ್ನು ಮಡಿಕೇರಿಯವರು ಓದಬೇಕಾದರೆ ಇಬ್ಬರಿಗೂ ಒಪ್ಪುವ ಒಂದು ಬರಹದ ಕನ್ನಡವು ಬೇಕೇ ಬೇಕು. ಅದನ್ನು ಕಲಿಸದ ಶಿಕ್ಷಕರು ತಮ್ಮ ಕೆಲಸದಲ್ಲಿ ಹಿಂದೆಬಿದ್ದವರು. ಆದರೆ ಹೊಸ ಶಬ್ದವನ್ನು ಹಳೆಯದರ ಪಕ್ಕದಲ್ಲಿ ಬರೆಯಿಸಬೇಕು, ಹಳೆಯದನ್ನು ಹೊಡೆದುಹಾಕಿ ಅಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕೋಶದಲ್ಲಿ ಹಳಗನ್ನಡ ಕಾವ್ಯದ ಶಬ್ದಗಳ ಸಂಗಡ ಜನರ ಬಾಯಿಯ ಮಾತುಗಳೂ ಗಾದೆಗಳೂ ಕುಳಿತಿವೆ. ಪರದೇಶದಿಂದ ಬಂದ ಆ ಪಾದ್ರಿಯು ಅವನ್ನು ಕೀಳೆಂದು ಬಿಡಲಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1970ರಿಂದ 1995ರ ವರೆಗೆ ಹೊರಬಂದಿತು. ಅಷ್ಟು ದೊಡ್ಡ ಕೋಶವಾದ ಮೇಲೂ ಒಂದೊಂದು ಊರಿನ ಅಡಿಗೆಮನೆಯಲ್ಲಿ, ಹೊಲದಲ್ಲಿ, ಮಗ್ಗದ ಕುಣಿಯಲ್ಲಿ ಉಳಿದ ಮಾತು ಎಷ್ಟಿದ್ದೀತೆಂಬದು ಕೇಳುವ ಕಿವಿಯಿದ್ದವರಿಗೆ ಗೊತ್ತು.

ರಂಟೆ, ಕುಂಟೆ, ಕೂರಿಗೆ, ಮಿಣಿ, ಮೇಟಿ ಮೊದಲಾದ ಒಕ್ಕಲುತನದ ಶಬ್ದಗಳನ್ನು ನಗರದ ಮಗುವಿಗೆ ಕಲಿಸಬೇಕೆ ಎಂದು ಕೆಲವರು ಕೇಳುವರು. ವಸ್ತುವು ಹೋದ ಮೇಲೆ ಶಬ್ದವು ಹೋಗುವದು ಲೋಕದ ನಿಯಮ; ಎಲ್ಲವನ್ನೂ ಉಪ್ಪಿನಲ್ಲಿ ಹಾಕಿ ಇಡಲಿಕ್ಕೆ ಬರುವದಿಲ್ಲ. ಓದುವ ಪಾಠದಲ್ಲಿ ಬಂದಾಗ ಕಲಿಸಿದರೆ ಸಾಕು.

ಇತಿಹಾಸದ ಗೃಹಪಾಠಕ್ಕೆ ಬರೋಣ. 1917ರಲ್ಲಿ ಆಲೂರ ವೆಂಕಟರಾಯರು ಕರ್ನಾಟಕ ಗತವೈಭವವನ್ನು ಪ್ರಕಟಿಸಿದಾಗ ಕನ್ನಡಿಗನಿಗೆ ತನಗೊಂದು ಇತಿಹಾಸವಿದೆಯೆಂಬದೇ ಮರೆತುಹೋಗಿದ್ದಿತು. ಅಂದು ವೈಭವವನ್ನು ಹೇಳಿ ಎಚ್ಚರಿಸುವದು ಅವಶ್ಯವಾಗಿದ್ದಿತು. ಎಚ್ಚತ್ತ ಮನುಷ್ಯನನ್ನು ಮತ್ತೆ ಮತ್ತೆ ಅಲುಗಾಡಿಸುತ್ತಿದ್ದರೆ ಅವನು ಎದ್ದು ಕೆಲಸಕ್ಕೆ ಹೋಗುವದೆಂದು? ಪುಲಿಕೇಶಿಯು ಹರ್ಷನನ್ನು ತಡೆದನು, ನೃಪತುಂಗನು ದಾನಿಯಾಗಿದ್ದನು ಎಂದು ವರುಷವರುಷ ಬರೆದ ಮಗುವಿಗೆ ತನ್ನ ಊರ ದೇವಾಲಯದ ಬದಿಯಲ್ಲಿ ಅರ್ಧ ಹೂತ ಕಲ್ಲು ವೀರಗಲ್ಲೋ ಮಾಸ್ತಿಗಲ್ಲೋ ತಿಳಿಯದು. ಬೆಂಗಳೂರಿನ ಮಕ್ಕಳಿಗೆ ಬೇಗೂರು ದೂರವಲ್ಲ. ಅಲ್ಲಿಯ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ಬೆಂಗಳೂರ ಕಾಳಗದ ಪ್ರಸ್ತಾಪವಿದೆ. ಊರಿನ ಹೆಸರಿನ ಬಗೆಗೆ ಬೆಂದ ಕಾಳಿನ ಕತೆಯನ್ನು ಕೇಳಿಕೊಂಡು ಬೆಳೆದ ಮಗುವಿಗೆ, ಆ ಕತೆಯ ಅರಸನು ಹುಟ್ಟುವದಕ್ಕೆ ಮೊದಲೇ ಈ ಹೆಸರು ಕಲ್ಲಿನ ಮೇಲೆ ಇದ್ದಿತೆಂದು ತೋರಿಸಿದರೆ ಸಾಕು. ಇತಿಹಾಸವೆಂದರೇನು, ಐತಿಹ್ಯವೆಂದರೇನು ಎಂಬ ಭೇದವು ಒಂದೇ ವಾರದಲ್ಲಿ ಮನಸ್ಸಿಗೆ ಇಳಿಯುವದು.

ಆತಕೂರಿನ ಶಾಸನವಂತೂ ಮಕ್ಕಳಿಗಾಗಿಯೇ ಕೆತ್ತಿದಂತಿದೆ. ಕ್ರಿ.ಶ. 949ರಲ್ಲಿ ತಕ್ಕೋಲದಲ್ಲಿ ಚೋಳರೊಡನೆ ನಡೆದ ಯುದ್ಧದಲ್ಲಿ ಗಂಗರ ಬೂತುಗನ ಸೇವಕನಾದ ಮಣಲೆರನು ಪರಾಕ್ರಮದಿಂದ ಕಾದಿದನು. ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡು ಎನ್ನಲು ಅವನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆಯ ನಾಯಿಯನ್ನು. ಆ ನಾಯಿಯು ಮುಂದೆ ದೊಡ್ಡ ಹಂದಿಯೊಂದರೊಡನೆ ಹೋರಾಡಿ ಸತ್ತಿತು. ಅದರ ನೆನಪಿಗೆ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಇದನ್ನು ಹೇಳಿ, ‘ಮಣಲೆರನು ನಾಯಿಯನ್ನೇ ಏಕೆ ಬೇಡಿದನು? ಐದು ಸಾಲಿನಲ್ಲಿ ಬರೆ’ ಎಂದು ಕೇಳಿದರೆ, ಬರೆಯುವದಕ್ಕೆ ಏನೂ ಇಲ್ಲವೆಂದು ಹೇಳುವ ಮಗುವು ಕನ್ನಡನಾಡಿನಲ್ಲಿ ಹುಟ್ಟಿಲ್ಲ. ರಾಷ್ಟ್ರಕೂಟರು ಯಾರು, ಗಂಗರಿಗೂ ಅವರಿಗೂ ಏನು ಸಂಬಂಧ ಎಂಬ ಪ್ರಶ್ನೆಗಳನ್ನು ಅದೇ ಮರುವಾರ ಕೇಳುವದು.

ನಕಾಶೆಯ ಪಾಠವೊಂದನ್ನೂ ಸೂಚಿಸುತ್ತೇವೆ. ತಿರುಳ್ಗನ್ನಡದ ನೆಲೆಯೆಂದು ಕವಿರಾಜಮಾರ್ಗವು ಹೇಳುವ ನಾಲ್ಕು ಊರುಗಳಾದ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳನ್ನು ಮಕ್ಕಳು ಇಂದಿನ ನಕಾಶೆಯಲ್ಲಿ ಗುರುತಿಸಲಿ: ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ. ಬಳಿಕ 1947ಕ್ಕೆ ಮುಂಚೆ ಇವು ಯಾರ ಕೈಯಲ್ಲಿದ್ದವೆಂದು ಹುಡುಕಲಿ. ಪಟ್ಟದಕಲ್ಲು, ಒಕ್ಕುಂದಗಳು ಮುಂಬಯಿ ಪ್ರಾಂತದಲ್ಲಿ, ಕೊಪ್ಪಳವು ನಿಜಾಮರ ರಾಜ್ಯದಲ್ಲಿ, ಲಕ್ಷ್ಮೇಶ್ವರವು ಮಿರಜ ಸಂಸ್ಥಾನದಲ್ಲಿ! ಕನ್ನಡದ ತಿರುಳಿಗೆ ಮೂರು ಒಡೆತನ. 1956ರ ನವೆಂಬರ 1ರಂದು ಏನಾಯಿತೆಂಬದನ್ನು ಧ್ವಜ ಮೆರವಣಿಗೆಗಳಿಲ್ಲದೆ ತಿಳಿಸಿಕೊಡುವದಕ್ಕೆ ಇದಕ್ಕಿಂತ ನೇರವಾದ ಪಾಠವು ನಮಗೆ ಹೊಳೆಯದು. ಕಾಸರಗೋಡು, ಅಕ್ಕಲಕೋಟೆ, ಜತ್ತಗಳ ಕನ್ನಡ ಶಾಲೆಗಳ ಮಕ್ಕಳಿಗೆ ಈ ಪಾಠವನ್ನು ಹೇಳುವಾಗ ಮಾಸ್ತರರು ಇನ್ನೂ ಒಂದೆರಡು ಮಾತನ್ನು ಕೂಡಿಸಬೇಕಾದೀತು.

ಸಾಹಿತ್ಯದ ಗೃಹಪಾಠದಲ್ಲಿ ‘ಪದ್ಯದ ಸಾರಾಂಶವನ್ನು ಬರೆಯಿರಿ’ ಎಂಬ ಪ್ರಶ್ನೆಯು ಇನ್ನಾದರೂ ಸಾಯಲಿ. ಹಿಂದೆ ಅದಕ್ಕೆ ಉತ್ತರವನ್ನು ಮಾರ್ಗದರ್ಶಿಯಿಂದ ಇಳಿಸಿಕೊಳ್ಳುತ್ತಿದ್ದರು. ಈಗ ಅಷ್ಟು ಶ್ರಮವೂ ಬೇಕಿಲ್ಲ. ಕೈಯೊಳಗಿನ ಯಂತ್ರಕ್ಕೆ ವಿಷಯವನ್ನು ಹೇಳಿದರೆ ನಿಮಿಷ ತುಂಬುವದರೊಳಗೆ ಒಪ್ಪವಾದ ಸಾರಾಂಶವನ್ನು ಅದು ಬರೆದುಕೊಡುವದು. ಇದಕ್ಕಾಗಿ ಮಕ್ಕಳನ್ನು ಗದರಿಸಿ ಫಲವಿಲ್ಲ. ಯಂತ್ರವು ಉತ್ತರಿಸಬಲ್ಲ ಪ್ರಶ್ನೆಯನ್ನು ಕೇಳಿದವರು ನಾವು. ನಿನ್ನ ಅಜ್ಜನಿಗೆ ಈ ತ್ರಿಪದಿಯನ್ನು ಓದಿ ಹೇಳು, ಅವರು ನಕ್ಕರೋ ಸುಮ್ಮನಾದರೋ, ಏನೆಂದರು ಬರೆದು ತಾ ಎಂದರೆ ಯಂತ್ರವು ಕೈಚೆಲ್ಲಿ ಕೂಡ್ರುವದು. ದೊಡ್ಡ ಮಕ್ಕಳಿಗೆ ರಾವಬಹಾದ್ದೂರರ ಗ್ರಾಮಾಯಣದಿಂದ (1957) ಒಂದು ಪುಟ, ದೇವನೂರ ಮಹಾದೇವರ ಕುಸುಮಬಾಲೆಯಿಂದ ಒಂದು ಪುಟ ಕೊಡಬಹುದು. ನಂಜನಗೂಡಿನ ಕಡೆಯ ಮಾತಿನಲ್ಲಿ ಬರೆದ ಎರಡನೆಯದನ್ನು ಉತ್ತರದ ಹುಡುಗನು ಒಂಟಿಯಾಗಿ ಬಿಡಿಸಲಾರನು. ತೆಂಕಣ ಸೀಮೆಯ ಗೆಳತಿಯನ್ನು ಕೇಳಲೇಬೇಕು. ಮೊದಲನೆಯದಕ್ಕೆ ಅವಳು ಇವನ ಬಾಗಿಲಿಗೆ ಬರಬೇಕು. ಪರಿಷತ್ತಿನ ಕಾವ, ಜಾಣ ಪರೀಕ್ಷೆಗಳಿಗೆ ಕುಳಿತುಕೊಳ್ಳುವ ಪ್ರೌಢರಿಗೂ ಈ ಜೋಡಿ ಓದು ಸಲ್ಲುವದು.

ಪಾಲಕರಿಗೆ ಒಂದು ಮಾತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಥಮಿಕ ಶಿಕ್ಷಣದ ಮಾಧ್ಯಮವಾಗಿ ತಾಯ್ನುಡಿಯನ್ನು ಸರಕಾರವು ಹೇರುವಂತಿಲ್ಲವೆಂದು ತೀರ್ಪಿತ್ತಿತು. 2015ರಲ್ಲಿ ರಾಜ್ಯವು ಕನ್ನಡ ಭಾಷಾ ಕಲಿಕೆಯ ಅಧಿನಿಯಮವನ್ನು ಮಾಡಿ, ಶಾಲೆಗಳಲ್ಲಿ ಕನ್ನಡವನ್ನು ಒಂದನೆಯ ಇಲ್ಲವೆ ಎರಡನೆಯ ಭಾಷೆಯಾಗಿ ಕಲಿಸತಕ್ಕದ್ದೆಂದು ವಿಧಿಸಿತು. ಕಾಯಿದೆಯು ಶಾಲೆಯ ವೇಳಾಪತ್ರಿಕೆಯಲ್ಲಿ ಒಂದು ಅವಧಿಯನ್ನು ದೊರಕಿಸಿಕೊಡಬಲ್ಲದು. ನಿಮ್ಮ ಮನೆಯ ಸಂಜೆಯ ಅರ್ಧ ತಾಸನ್ನು ದೊರಕಿಸಿಕೊಡಲಾರದು. ಓದು ಬರಹ ಬಾರದ ತಂದೆತಾಯಿಗಳು ನಾವೇನು ಹೇಳಿಕೊಡಬಲ್ಲೆವು ಎಂದು ಹಿಂಜರಿಯುವದುಂಟು. ಮೇಲೆ ಹೇಳಿದ ಪಾಠಗಳಲ್ಲಿ ಒಂದಕ್ಕಾದರೂ ಪಾಲಕರ ಅಕ್ಷರಜ್ಞಾನವು ಬೇಕಿಲ್ಲ. ಅವರ ಬಾಯಿ ಸಾಕು. ಅಜ್ಜಿಯು ಗದಗಿನಲ್ಲಿದ್ದು ಮೊಮ್ಮಗಳು ಪರದೇಶದಲ್ಲಿದ್ದರೆ ದೂರವಾಣಿ ಇದ್ದೇ ಇದೆ. ಶಿಕ್ಷಕರೂ ಒಂದನ್ನು ನೆನೆಯಬೇಕು: ಗೃಹಪಾಠ ಮಾಡದೆ ಬಂದ ಮಗುವನ್ನು ಎಲ್ಲರೆದುರು ನಿಲ್ಲಿಸಬೇಡಿರಿ. ವಾರಕ್ಕೊಮ್ಮೆಯ ವರ್ಗಕ್ಕೆ ಬರಲೇಬೇಕೆಂಬ ಕಟ್ಟಳೆ ಯಾರಿಗೂ ಇಲ್ಲ. ಒಮ್ಮೆ ನಾಚಿದ ಮಗು ಮರುವಾರ ಹೊಟ್ಟೆನೋವೆಂದು ಮಲಗುವದು.

ಬೇರೆ ಬೇರೆ ಊರುಗಳ ವರ್ಗಗಳು ತಮ್ಮ ವಹಿಗಳನ್ನು ಒಂದಕ್ಕೊಂದು ಕಳಿಸಿಕೊಳ್ಳುವದಾದರೆ, ಮಂಗಳೂರಿನ ಮಕ್ಕಳ ಪಟ್ಟಿಯನ್ನು ಕಲಬುರ್ಗಿಯವರು, ಅವರದನ್ನು ಚಾಮರಾಜನಗರದವರು ಓದುವದಾದರೆ, ಎಷ್ಟು ಚೆನ್ನ! ಇದಕ್ಕೆ ಅನುಕೂಲವಾಗಲೆಂದು ಮುಂದಿನ ತಿಂಗಳಿನಿಂದ ಈ ಪತ್ರಿಕೆಯ ಕೊನೆಯ ಪುಟದಲ್ಲಿ ಅರ್ಧ ಅಂಕಣವನ್ನು ಬಿಟ್ಟಿದ್ದೇವೆ. ವಾರಕ್ಕೊಂದು ವಸ್ತು, ಅದಕ್ಕೆ ತಮ್ಮ ಮನೆಯಲ್ಲಿ ಏನೆನ್ನುವರೆಂದು ಮಕ್ಕಳೇ ಬರೆಯಬೇಕು. ಮೊದಲನೆಯ ವಾರದ ವಸ್ತು ಪೊರಕೆ. ವರ್ಗವಿರುವ ಊರು, ಶಬ್ದವನ್ನು ಹೇಳಿದ ಹಿರಿಯರ ಊರು, ಆ ಶಬ್ದವನ್ನು ಬಳಸಿ ಅವರು ಆಡಿದ ಒಂದು ವಾಕ್ಯ, ಇಷ್ಟು ಸಾಕು. ಮಕ್ಕಳ ಕೈಬರಹದಲ್ಲಿಯೇ ಇರಲಿ. ಶಿಕ್ಷಕರು ತಿದ್ದಿ ಕಳಿಸಬಾರದೆಂದು ವಿನಂತಿ.